ಓಡುವ ಕಾರಿನ ಚಾವಿ ತಿರುಗಿಸದಿರಿ

ಪ್ರೀಮಿಯರ್ ಪದ್ಮಿನಿ ಕಾರು ತಯಾರಾಗುತ್ತಿದ್ದುದು ನಮ್ಮ ಕುರ್ಲಾದಲ್ಲೇ. ಆ ಕಾರ್ಖಾನೆ ಈಗಿಲ್ಲ. 2023ರ ಅಕ್ಟೋಬರ್ ಕೊನೆಗೆ ಪದ್ಮಿನಿ ಟ್ಯಾಕ್ಸಿಗಳೂ ಮುಂಬಯಿಯ ರಸ್ತೆಗಳಿಂದ ಮರೆಯಾದವು. ಆದರೆ ಹಳೆಯ ಚಾಲಕರ ಒಂದು ಅಭ್ಯಾಸ ಮಾತ್ರ ನಮ್ಮಲ್ಲಿ ಹಲವರಿಗೆ ಇನ್ನೂ ಬಿಟ್ಟಿಲ್ಲ. ಇಳಿಜಾರು ಬಂದ ಕೂಡಲೇ ಚಾವಿ ತಿರುಗಿಸಿ ಇಂಜಿನ್ ಬಂದ್ ಮಾಡುವುದು. ಪೆಟ್ರೋಲ್ ಉಳಿತಾಯವಂತೆ!

ಕೆಲವು ವರ್ಷಗಳ ಹಿಂದೆ ಹೋಟೆಲ್ ಉದ್ಯಮಿ ಮಿತ್ರರೊಬ್ಬರ ಕಾರಿನಲ್ಲಿ ಊರಿನ ನೇಮಕ್ಕೆ ಹೊರಟಿದ್ದೆವು. ಪೋಲಾದಪುರ ದಾಟಿ, ಕಶೇಡಿ ಘಾಟಿ ಹತ್ತಿ ಇಳಿಯುವಾಗ ಅವರು ಇಂಜಿನ್ ಬಂದ್ ಮಾಡಿದರು. ಎರಡು ತಿರುವು ಸಲೀಸಾಗಿ ದಾಟಿತು. ಮೂರನೆಯದರಲ್ಲಿ ಎದುರಿಗೆ ಲಾರಿ. ಸ್ಟೀರಿಂಗ್ ಕಲ್ಲಿನಂತೆ ಭಾರ. ಬ್ರೇಕ್ ಪೆಡಲ್ ಎಷ್ಟು ತುಳಿದರೂ ಕೆಳಗಿಳಿಯದು. "ಮಾರಾಯ್ರೆ, ಬ್ರೇಕ್ ಹಿಡಿಯುವುದಿಲ್ಲ!" ಎಂದು ಕೂಗಿದರು. ಹ್ಯಾಂಡ್ ಬ್ರೇಕ್ ಎಳೆದು ಗುಡ್ಡದ ಬದಿಯ ಚರಂಡಿಗೆ ಕಾರು ಇಳಿಸಿದ್ದರಿಂದ ನಾವು ಉಳಿದೆವು. ಹಿಂದಿನ ಸೀಟಿನಲ್ಲಿ ಅವರ ಪತ್ನಿ, ಇಬ್ಬರು ಮಕ್ಕಳಿದ್ದರು.

ಬ್ರೇಕ್ ಕೆಟ್ಟಿರಲಿಲ್ಲ. ನಮ್ಮ ಪಾದಕ್ಕೆ ಬಲ ಕೊಡುವ ಬೂಸ್ಟರ್ ನಡೆಯುವುದು ಇಂಜಿನ್‌ನಿಂದ. ಇಂಜಿನ್ ನಿಂತ ಮೇಲೆ ಒಂದೆರಡು ಸಲ ತುಳಿಯುವಷ್ಟು ಬಲ ಮಾತ್ರ ಅದರಲ್ಲಿ ಉಳಿದಿರುತ್ತದೆ. ಪವರ್ ಸ್ಟೀರಿಂಗ್‌ನ ನೆರವೂ ನಿಲ್ಲುತ್ತದೆ, ಅಪಘಾತವಾದರೆ ಏರ್‌ಬ್ಯಾಗ್ ತೆರೆಯದು. ಚಾವಿ ಹೊರಗೆಳೆದರಂತೂ ಸ್ಟೀರಿಂಗ್ ಬೀಗ ಬಿದ್ದು ಕಾರು ತಿರುಗುವುದೇ ಇಲ್ಲ. ಇಷ್ಟಕ್ಕೂ ಉಳಿತಾಯವೆಲ್ಲಿ? ಈಗಿನ ಕಾರುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿದರೆ ಪೆಟ್ರೋಲ್ ಪೂರೈಕೆ ತಾನಾಗಿಯೇ ನಿಲ್ಲುತ್ತದೆ, ಇಂಜಿನ್ ಕಾರನ್ನು ಹಿಡಿದುಕೊಂಡೂ ಇರುತ್ತದೆ.

ಚಾಲಕ ಬೇಕೆಂದೇ ತಿರುಗಿಸಬೇಕೆಂದಿಲ್ಲ. ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಇಗ್ನಿಷನ್ ಸ್ವಿಚ್ ದೋಷಕ್ಕಾಗಿ ಹಿಂದಕ್ಕೆ ಕರೆಸಿತು. ಚಾವಿಗೊಂಚಲಿನ ಭಾರಕ್ಕೆ, ಮೊಣಕಾಲು ತಾಗಿದ್ದಕ್ಕೆ ಓಡುತ್ತಿರುವಾಗಲೇ ಚಾವಿ ಹಿಂದಕ್ಕೆ ಸರಿಯುತ್ತಿತ್ತು. ಕಂಪೆನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ನಮ್ಮ ಕಾರುಗಳಲ್ಲಿ ಆ ದೋಷವಿಲ್ಲದಿರಬಹುದು, ಆದರೆ ಭಾರಕ್ಕೆ ಸ್ವಿಚ್ ಸವೆಯುವುದು ಇದ್ದದ್ದೇ. ಆ ಮಿತ್ರರ ಗೊಂಚಲಿನಲ್ಲಿ ಹೋಟೆಲಿನ ಶಟರ್, ಗಲ್ಲಾಪೆಟ್ಟಿಗೆ, ಮನೆಯ ಕಪಾಟು, ಜತೆಗೆ ಕಟೀಲು ಅಮ್ಮನವರ ಹಿತ್ತಾಳೆ ಬಿಲ್ಲೆ. ಅಮ್ಮನವರು ಡ್ಯಾಶ್‌ಬೋರ್ಡಿನ ಮೇಲಿದ್ದರೂ ಕಾಯುತ್ತಾರೆ. ಕಾರಿನ ಚಾವಿ ಒಂಟಿಯಾಗಿರಲಿ.

ಓಡುತ್ತಿರುವಾಗ ಇಂಜಿನ್ ನಿಂತೇಹೋದರೆ ಚಾವಿ ಹೊರಗೆಳೆಯಬೇಡಿ. ಎರಡೂ ಕೈಗಳಿಂದ ಸ್ಟೀರಿಂಗ್ ಬಲವಾಗಿ ಹಿಡಿಯಿರಿ, ಭಾರವಾದರೂ ತಿರುಗುತ್ತದೆ. ಬ್ರೇಕನ್ನು ಪದೇ ಪದೇ ತುಳಿಯದೆ ಒಮ್ಮೆಲೇ ಗಟ್ಟಿಯಾಗಿ ಒತ್ತಿ ಹಿಡಿದು ಬದಿಗೆ ಬನ್ನಿ. ಗುಂಡಿಯ ಕಾರಿನವರು ಓಡುವಾಗ ಆ ಗುಂಡಿಯ ತಂಟೆಗೇ ಹೋಗಬಾರದು.

ನಿಲ್ಲಿಸಿದ ಕಾರಿನ ವಿಷಯಕ್ಕೆ ಕಾನೂನೇ ಇದೆ. ಚಾಲಕನ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಇಲ್ಲದಿದ್ದರೆ ಇಂಜಿನ್ ನಿಲ್ಲಿಸಿ ಬ್ರೇಕ್ ಹಾಕಿರಬೇಕು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ. ಎಸಿ ಇರಲೆಂದು ಮಕ್ಕಳೊಂದಿಗೆ ಚಾವಿಯನ್ನೂ ಕಾರಿನಲ್ಲೇ ಬಿಟ್ಟು ಸ್ಟೇಷನ್ ರಸ್ತೆಯಲ್ಲಿ ತರಕಾರಿಗೆ ಇಳಿಯುವವರು ಗಮನಿಸಬೇಕು.

ನಮ್ಮ ಮಿತ್ರರು ಆ ವರ್ಷದಿಂದ ನೇಮಕ್ಕೆ ಕುರ್ಲಾ ಟರ್ಮಿನಸ್‌ನಿಂದ ಮತ್ಸ್ಯಗಂಧಾ ರೈಲಿನಲ್ಲೇ ಹೋಗುತ್ತಿದ್ದಾರೆ.