ಹದಿಹರೆಯದವರ ಆರೋಗ್ಯ ತಿಳಿವಳಿಕೆ: ಗ್ರಾಮ ಪಂಚಾಯತಿಯ ಹೊಣೆ

2014ರಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ವ್ಯಾಪ್ತಿಗೆ 10ರಿಂದ 19 ವರ್ಷದ ಎಲ್ಲರೂ ಸೇರುತ್ತಾರೆ. ಶಾಲೆ ಬಿಟ್ಟವರು, ಗಂಡುಮಕ್ಕಳು, ಈಗಾಗಲೇ ಮದುವೆಯಾದವರು ಇದಕ್ಕೆ ಹೊರತಲ್ಲ. ಆದರೆ ಗ್ರಾಮ ಮಟ್ಟದಲ್ಲಿ ಇದು ಹೆಣ್ಣುಮಕ್ಕಳಿಗೆ ಸ್ಯಾನಿಟರಿ ಪ್ಯಾಡ್ ಹಾಗೂ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಹಂಚುವ ಕೆಲಸವೆಂದೇ ಬಹುಮಟ್ಟಿಗೆ ಪರಿಗಣಿತವಾಗಿದೆ. ಪ್ಯಾಡ್, ಮಾತ್ರೆ ಎರಡೂ ಅಗತ್ಯವೇ. ಅವುಗಳೊಂದಿಗೆ ಹೇಳಬೇಕಾದ ಮಾತು ಮಾತ್ರ ಹೇಳದೆ ಉಳಿಯುತ್ತಿದೆ.

ಮೈನೆರೆದ ಹುಡುಗಿಗೆ ಆರತಿ ಎತ್ತಿ ಚಿಗಳಿ ಹಂಚುವ ಮನೆಯಲ್ಲಿಯೂ ಆಕೆಯ ದೇಹದಲ್ಲಿ ಏನು ನಡೆಯಿತೆಂಬುದನ್ನು ಆಕೆಗೆ ವಿವರಿಸುವವರು ವಿರಳ. ಮೊದಲ ಒಂದೆರಡು ವರ್ಷ ಮುಟ್ಟು ಕ್ರಮ ತಪ್ಪುವುದು ಸಹಜ. ಆದರೆ ಹದಿನೈದು ತುಂಬಿದರೂ ಮುಟ್ಟು ಆರಂಭವಾಗದಿದ್ದಲ್ಲಿ ಅಥವಾ ರಕ್ತಸ್ರಾವ ಏಳೆಂಟು ದಿನ ಮೀರಿದಲ್ಲಿ ವೈದ್ಯರಿಗೆ ತೋರಿಸಬೇಕು. ಮೊದಲ ಮುಟ್ಟಿಗೆ ಮುನ್ನವೇ ಅಂಡ ಬಿಡುಗಡೆಯಾಗಬಹುದಾದ್ದರಿಂದ ಮುಟ್ಟಾಗದ ಹುಡುಗಿ ಗರ್ಭ ಧರಿಸಲಾರಳೆಂಬ ನಂಬಿಕೆ ಸರಿಯಲ್ಲ.

ಗಂಡುಮಕ್ಕಳ ಸ್ಥಿತಿ ಇದಕ್ಕಿಂತ ಕಷ್ಟದ್ದು, ಅವರಿಗೆ ಆರತಿಯೂ ಇಲ್ಲ, ಮಾತೂ ಇಲ್ಲ. ಸ್ವಪ್ನಸ್ಖಲನ ರೋಗವಲ್ಲ, ಅದರಿಂದ ಶಕ್ತಿ ಕುಂದುವುದಿಲ್ಲ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗಕ್ಕೆ ಶತಸಿದ್ಧ ಔಷಧ’ ಎಂದು ಬರೆಸುವವರ ವ್ಯಾಪಾರ ನಡೆಯುವುದು ಈ ಒಂದು ಭಯದಿಂದಲೇ. ಆ ಗೋಡೆ ಎಷ್ಟೋ ಕಡೆ ಪಂಚಾಯತಿಯದೇ ಆಗಿರುತ್ತದೆ. ಅಳಿಸಲು ಯಾವ ಮೇಲಧಿಕಾರಿಯ ಆದೇಶವೂ ಬೇಕಿಲ್ಲ.

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019-21) ಪ್ರಕಾರ ರಾಜ್ಯದಲ್ಲಿ 20ರಿಂದ 24 ವರ್ಷದ ಮಹಿಳೆಯರಲ್ಲಿ ಶೇ. 21.3ರಷ್ಟು ಮಂದಿ 18 ತುಂಬುವ ಮೊದಲೇ ಮದುವೆಯಾದವರು. ‘ಮಕ್ಕಳಿಗೆ ಇದೆಲ್ಲ ಏಕೆ’ ಎಂದು ಮುಚ್ಚಿಡುವ ಊರೇ ಅದೇ ವಯಸ್ಸಿನಲ್ಲಿ ಬಸಿರು ಬಾಣಂತನದ ಭಾರ ಹೊರಿಸುತ್ತಿದೆ.

ಅಪ್ರಾಪ್ತ ಬಾಲಕಿ ಗರ್ಭಿಣಿಯಾದಾಗ ಕುಟುಂಬವು ಪ್ರಕರಣ ದಾಖಲಾಗುವ ಭಯದಿಂದ ವಿಷಯವನ್ನು ತಿಂಗಳುಗಟ್ಟಲೆ ಮರೆಮಾಚುವುದುಂಟು. ಇಲ್ಲಿ ಸದಸ್ಯರಿಗೆ ಕಾನೂನಿನ ನಿಖರ ಅರಿವು ಇರಬೇಕು. ಪೋಕ್ಸೊ ಕಾಯ್ದೆ, 2012ರ 19ನೆಯ ಕಲಮಿನಂತೆ 18 ತುಂಬದವರ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದವರು ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಪಂಚಾಯತಿ ಕಟ್ಟೆಯ ಮೇಲೆ ರಾಜಿ ಮಾಡಿಸಲು ಅವಕಾಶವಿಲ್ಲ. ಆದರೆ ಗರ್ಭಪಾತಕ್ಕೆ ಬಂದ ಬಾಲಕಿ ಮತ್ತು ಆಕೆಯ ಪೋಷಕರು ಕೋರಿದಲ್ಲಿ, ವೈದ್ಯರು ಆ ವರದಿಯಲ್ಲಿ ಆಕೆಯ ಗುರುತನ್ನು ನಮೂದಿಸಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸ್ಪಷ್ಟಪಡಿಸಿದೆ. ಪೋಷಕರ ಲಿಖಿತ ಒಪ್ಪಿಗೆಯೊಡನೆ 20 ವಾರಗಳವರೆಗೆ ಒಬ್ಬ ನೋಂದಾಯಿತ ವೈದ್ಯರ, 24 ವಾರಗಳವರೆಗೆ ಇಬ್ಬರ ಅಭಿಪ್ರಾಯದ ಮೇಲೆ ಕಾನೂನುಬದ್ಧ ಗರ್ಭಪಾತ ಸಾಧ್ಯ. ಈ ಎರಡು ಸಂಗತಿ ತಿಳಿಯದ ಕುಟುಂಬಗಳೇ ನಕಲಿ ವೈದ್ಯರ ಬಾಗಿಲು ತಟ್ಟುವುದು.

ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗಾಗಿ ‘ಸ್ನೇಹ ಕ್ಲಿನಿಕ್’ಗಳಿವೆ. ಅವುಗಳ ದಿನ, ವೇಳೆಯನ್ನು ಪಂಚಾಯತಿ ಫಲಕದಲ್ಲಿಯೂ ಅರಿವು ಕೇಂದ್ರದಲ್ಲಿಯೂ ಬರೆಸಬಹುದು. ಮಕ್ಕಳ ಗ್ರಾಮ ಸಭೆಯಲ್ಲಿ ಸದಸ್ಯರು, ಶಿಕ್ಷಕರು, ತಂದೆತಾಯಂದಿರ ಎದುರು ಎದ್ದುನಿಂತು ಇಂತಹ ಪ್ರಶ್ನೆ ಕೇಳುವ ಮಗು ಇರಲಾರದು. ಸಭೆಗೆ ಒಂದು ವಾರ ಮುಂಚಿತವಾಗಿ ಶಾಲೆಯಲ್ಲಿಯೂ ಅರಿವು ಕೇಂದ್ರದಲ್ಲಿಯೂ ಬೀಗ ಹಾಕಿದ ಪೆಟ್ಟಿಗೆ ಇರಿಸಿ, ಹೆಸರಿಲ್ಲದ ಚೀಟಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ನೇರವಾಗಿ ಒಪ್ಪಿಸುವುದು ಸೂಕ್ತ. ಗಂಡುಮಕ್ಕಳಿಗೆ ಪುರುಷ ಆರೋಗ್ಯ ಸಿಬ್ಬಂದಿ, ಹೆಣ್ಣುಮಕ್ಕಳಿಗೆ ಮಹಿಳಾ ಸಿಬ್ಬಂದಿ ಪ್ರತ್ಯೇಕವಾಗಿ ಉತ್ತರಿಸಿದಲ್ಲಿ ಮುಂದಿನ ಬಾರಿ ಪೆಟ್ಟಿಗೆಗೆ ಬೀಳುವ ಚೀಟಿಗಳು ಹೆಚ್ಚುತ್ತವೆ. ಚಿಲಕವಿಲ್ಲದ, ನೀರು ಬಾರದ ಶಾಲಾ ಶೌಚಾಲಯದ ದುರಸ್ತಿಯನ್ನೂ ಇದೇ ವರ್ಷದ ಕ್ರಿಯಾಯೋಜನೆಗೆ ಸೇರಿಸಬೇಕು.

ಕ್ಲಿನಿಕ್ಕಿನ ಬಾಗಿಲಲ್ಲಿ ಊರಿನ ಹುಡುಗಿಯೊಬ್ಬಳು ಕಂಡುಬಂದಲ್ಲಿ ಆ ಸಂಗತಿ ಸದಸ್ಯರ ಬಾಯಿಂದ ಹೊರಬೀಳಕೂಡದು. ಒಮ್ಮೆ ಹೊರಬಿದ್ದರೆ ಆ ಊರಿನಿಂದ ಮತ್ತೊಬ್ಬಳು ಅಲ್ಲಿಗೆ ಹೋಗುವುದಿಲ್ಲ. ಮಗುವಿಗೆ ಅಪಾಯವಿರುವುದು ತಿಳಿದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡತಕ್ಕದ್ದು.