ಹೊಸ ಕಾಮಿಕ್ಸ್ ಕಥೆ ಎಲ್ಲಿ ಸಿಗುತ್ತೆ?

ಕಾಮಿಕ್ಸ್ ಸರಣಿಗೆ ಹೊಸ ಕಥೆ ಬೇಕಾ?
ಎಲ್ಲರಿಗೂ ಗೊತ್ತಿರೋ ಕಡೆನೇ ಹುಡುಕಿ.

1959, ಫ್ರಾನ್ಸ್.
ಗೊಸಿನ್ನಿ ಬರೆಯೋರು, ಉಡೆರ್ಜೊ ಚಿತ್ರ ಬಿಡಿಸೋರು.
ಹೊಸ ಪತ್ರಿಕೆಗೆ ನರಿಯ ಹಳೇ ಕಥೆಯೊಂದನ್ನ ಆರಿಸಿಕೊಂಡಿದ್ರು.
ಅದನ್ನ ಆಗಲೇ ಬೇರೆಯವರು ಕಾಮಿಕ್ಸ್ ಮಾಡಿಬಿಟ್ಟಿದ್ರು!
ಇವರು ಶಾಲೆಯಲ್ಲಿ ಕಲಿತ ಇತಿಹಾಸಕ್ಕೇ ಕೈ ಹಾಕಿದ್ರು,
ಕೊಯ್ಲಾದ ಹೊಲದಲ್ಲಿ ಹಕ್ಕಲು ಆಯೋ ಹಾಗೆ.
ರೋಮ್ ಇಡೀ ಗಾಲ್ ನಾಡನ್ನ, ಅಂದ್ರೆ ಹಳೇ ಕಾಲದ ಫ್ರಾನ್ಸನ್ನ, ಗೆದ್ದಿತ್ತು.
ಫ್ರಾನ್ಸಿನ ಮಕ್ಕಳಿಗೆಲ್ಲ ಗೊತ್ತಿದ್ದ ಪಾಠ.
ಆದರೆ, ಒಂದೇ ಒಂದು ಹಳ್ಳಿ ಸೋಲದೇ ಉಳಿದಿದ್ರೆ?
ಹಾಗೆ ಹುಟ್ಟಿದ್ದು ಆಸ್ಟರಿಕ್ಸ್ ಕಾಮಿಕ್ಸ್!

ಇತಿಹಾಸ ತಿರುಚಿದ ಹಾಗಾಗಲ್ವಾ, ಅಂತೀರಾ?
ಇಲ್ಲ. ಓದುಗರಿಗೆ ನಿಜ ಗೊತ್ತು.
ಗೊತ್ತಿರೋದಕ್ಕೇ, ರೋಮ್ ಸೈನಿಕ ಒದೆ ತಿಂದಾಗ ಅಷ್ಟು ಖುಷಿ.

ನಿಮ್ಮ ಹಳೇ ಸಮಾಜ ಪುಸ್ತಕ ತೆಗೀರಿ.
"ಸೋತರು" ಅಂತ ಇರೋ ಒಂದು ಸಾಲು ಹುಡುಕಿ.
ಅದರ ಪಕ್ಕ ಬರೀರಿ:
ಯಾರಾದ್ರೂ ಒಬ್ಬರು ಸೋಲದೇ ಇದ್ದಿದ್ರೆ?