ತಂತಿರಹಿತ ಯಂತ್ರೋಪಕರಣಗಳು: ಖರೀದಿ, ದುರಸ್ತಿ ಮತ್ತು ಮಾರ್ಪಾಡು

ಹೆದ್ದಾರಿಯ ಬದಿಯ ಪಂಕ್ಚರ್ ಅಂಗಡಿಯಲ್ಲಿ ಲಾರಿಯ ಚಕ್ರ ಬಿಚ್ಚುವುದೆಂದರೆ ಹಿಂದೆ ಇಬ್ಬರ ಮೈಬಲದ ಕೆಲಸವಾಗಿತ್ತು. ಪಾನಾದ ಹಿಡಿಗೆ ಉದ್ದನೆಯ ಕಬ್ಬಿಣದ ಕೊಳವೆ ಸಿಕ್ಕಿಸಿ, ಅದರ ಮೇಲೆ ಕಾಲಿಟ್ಟು ಭಾರ ಹಾಕಿದರೆ ಮಾತ್ರ ತುಕ್ಕು ಹಿಡಿದ ನಟ್ಟು ಕದಲುತ್ತಿತ್ತು. ದೊಡ್ಡ ಗ್ಯಾರೇಜುಗಳು ಗಾಳಿಯ ಕಂಪ್ರೆಸರಿನಿಂದ ನಡೆಯುವ ಗನ್ನನ್ನು ಬಳಸುತ್ತ ಬಂದಿವೆಯಾದರೂ, ಕಂಪ್ರೆಸರ್ ಇದ್ದಲ್ಲಿಗೆ ವಾಹನ ಬರಬೇಕೇ ಹೊರತು ಕೆಟ್ಟು ನಿಂತ ವಾಹನದ ಬಳಿಗೆ ಕಂಪ್ರೆಸರನ್ನು ಒಯ್ಯುವುದು ಸುಲಭವಲ್ಲ. ಈ ಕೊರತೆಯನ್ನು ತುಂಬಿದ್ದು ಬ್ಯಾಟರಿಯಿಂದ ನಡೆಯುವ ಇಂಪ್ಯಾಕ್ಟ್ ರೆಂಚ್. ಅದರ ಜೊತೆಯಲ್ಲಿಯೇ ಡ್ರಿಲ್, ಗ್ರೈಂಡರ್, ಗರಗಸ ಮೊದಲಾದವೂ ತಂತಿಯ ಹಂಗಿನಿಂದ ಬಿಡುಗಡೆ ಹೊಂದಿವೆ. ನಗರಗಳಲ್ಲಿ ಮರಗೆಲಸ, ಎ.ಸಿ. ಜೋಡಣೆ, ವಾಹನ ದುರಸ್ತಿಯಂತಹ ಕಸುಬುಗಳಲ್ಲಿ ತೊಡಗಿದವರಿಗೆ ಇವು ಇಂದು ಅನ್ನದ ಸಾಧನಗಳಾಗಿವೆ.

ಇಂತಹ ಉಪಕರಣವನ್ನು ಕೊಳ್ಳುವವನು ವಾಸ್ತವವಾಗಿ ಎರಡು ವಸ್ತುಗಳನ್ನು ಕೊಳ್ಳುತ್ತಾನೆ. ಒಂದು ಯಂತ್ರ, ಇನ್ನೊಂದು ಬ್ಯಾಟರಿ. ಯಂತ್ರ ಸವೆಯುತ್ತದೆ, ಸವೆದ ಭಾಗವನ್ನು ಬದಲಿಸಿದರೆ ಮತ್ತೆ ದುಡಿಯುತ್ತದೆ. ಬ್ಯಾಟರಿಯಾದರೋ ಬಳಸಿದರೂ ಬಳಸದಿದ್ದರೂ ಮುಪ್ಪಾಗುತ್ತದೆ. ಯಂತ್ರದ ದುರಸ್ತಿಯಲ್ಲಿ ತಪ್ಪಿದರೆ ಹಣ ಹೋಗುತ್ತದೆ, ಬ್ಯಾಟರಿಯ ದುರಸ್ತಿಯಲ್ಲಿ ತಪ್ಪಿದರೆ ಅಂಗಡಿಯೇ ಹೊತ್ತಿಕೊಳ್ಳಬಹುದು. ಈ ಭೇದವನ್ನು ಅರಿಯದೆ ಎರಡನ್ನೂ ಒಂದೇ ಧೈರ್ಯದಿಂದ ಬಿಚ್ಚುವುದು ಸಾಮಾನ್ಯವಾಗಿದೆ.

ಯಂತ್ರದ ಒಳಗುಟ್ಟು

1961ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿಯು ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಡ್ರಿಲ್ಲನ್ನು ಹೊರತಂದಿತು. ಮುಂದೆ ಅದೇ ಕಂಪನಿ ಜೆಮಿನಿ ಅಂತರಿಕ್ಷ ಯೋಜನೆಗಾಗಿ ಒಂದು ವಿಶೇಷ ರೆಂಚನ್ನು ರೂಪಿಸಿತು. ತೂಕವಿಲ್ಲದ ಸ್ಥಿತಿಯಲ್ಲಿ ಬೋಲ್ಟನ್ನು ತಿರುಗಿಸಹೊರಟ ಯಾತ್ರಿಕನು ತಾನೇ ತಿರುಗಿಬಿಡದಂತೆ ಅದು ನೋಡಿಕೊಳ್ಳಬೇಕಾಗಿತ್ತು. ಲಿಥಿಯಂ-ಅಯಾನ್ ಬ್ಯಾಟರಿಗಳು 1991ರಲ್ಲಿ ಮಾರುಕಟ್ಟೆಗೆ ಬಂದರೂ ಇಂತಹ ಉಪಕರಣಗಳಲ್ಲಿ ನೆಲೆಗೊಂಡದ್ದು 2005ರಿಂದೀಚೆಗೆ.

ಇಂಪ್ಯಾಕ್ಟ್ ರೆಂಚ್ ಹಿಡಿದ ಕೈಗೆ ಹೆಚ್ಚಿನ ತಿರುಚು ತಾಗುವುದಿಲ್ಲ, ಆದರೂ ಎದುರಿನ ನಟ್ಟು ಸಡಿಲವಾಗುತ್ತದೆ. ಇದರ ರಹಸ್ಯ ಒಳಗಿನ ಸುತ್ತಿಗೆಯಲ್ಲಿದೆ. ಮೋಟಾರು ಹಲ್ಲುಚಕ್ರಗಳ ಮೂಲಕ ಒಂದು ಉಕ್ಕಿನ ಗುಂಡನ್ನು ಸುತ್ತಿಸುತ್ತದೆ. ಸಾಕೆಟ್ ಕೂರುವ ತುಂಡು ಅದರ ಮುಂದಿದೆ. ಕಮ್ಮಾರನ ಅಡೆಗಲ್ಲಿನಂತೆ ಪೆಟ್ಟು ತಿನ್ನುವುದರಿಂದ ಅದಕ್ಕೆ ಆನ್‌ವಿಲ್ ಎಂಬ ಹೆಸರು. ನಟ್ಟು ಬಿಗಿಯಾದೊಡನೆ ಆನ್‌ವಿಲ್ ನಿಲ್ಲುತ್ತದೆ. ಆಗ ಸುತ್ತಿಗೆಯು ಓರೆ ಗಾಡಿಯಲ್ಲಿ ಉರುಳುವ ಉಕ್ಕಿನ ಗೋಲಿಗಳ ನೆರವಿನಿಂದ ಸ್ಪ್ರಿಂಗನ್ನು ಒತ್ತಿ ಹಿಂದೆ ಸರಿದು, ಆನ್‌ವಿಲ್ಲಿನ ಕಿವಿಯನ್ನು ದಾಟಿ, ಸ್ಪ್ರಿಂಗಿನ ಬಲದಿಂದ ಮುಂದೆ ಚಿಮ್ಮಿ ಪಕ್ಕದಿಂದ ಬಡಿಯುತ್ತದೆ. ಇದು ನಿಮಿಷಕ್ಕೆ ಎರಡು-ಮೂರು ಸಾವಿರ ಸಲ ನಡೆಯುತ್ತದೆ. ಗೋಡೆ ಕೊರೆಯುವ ಹ್ಯಾಮರ್ ಡ್ರಿಲ್ಲಿನ ಪೆಟ್ಟು ನೇರವಾಗಿ ಮುಂದಕ್ಕೆ ಬೀಳುತ್ತದೆ, ಇಲ್ಲಿಯದು ತಿರುಗುವ ದಿಕ್ಕಿನಲ್ಲಿ ಬೀಳುತ್ತದೆ. ಹೀಗಾಗಿ ಒಂದರಿಂದ ಇನ್ನೊಂದರ ಕೆಲಸ ಆಗದು.

ಬಿಚ್ಚುವುದಕ್ಕೆ ಇದು ವರ, ಬಿಗಿಯುವಾಗ ಎಚ್ಚರ ಬೇಕು. ಸಾಮಾನ್ಯ ಕಾರುಗಳ ಚಕ್ರದ ನಟ್ಟಿಗೆ ತಯಾರಕರು ಸೂಚಿಸುವ ಬಿಗುವು ಬಹುಮಟ್ಟಿಗೆ 80ರಿಂದ 120 ನ್ಯೂಟನ್ ಮೀಟರಿನ ಒಳಗಿರುತ್ತದೆ. ನೂರು ನ್ಯೂಟನ್ ಮೀಟರ್ ಎಂದರೆ ಒಂದು ಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಸುಮಾರು ಹತ್ತು ಕಿಲೋಗ್ರಾಂ ಭಾರ ತೂಗಿದಂತೆ. ಮಧ್ಯಮ ದರ್ಜೆಯ ಇಂಪ್ಯಾಕ್ಟ್ ರೆಂಚ್ ಇದರ ಮೂರು ನಾಲ್ಕು ಪಟ್ಟು ಬಲವನ್ನು ಕ್ಷಣಾರ್ಧದಲ್ಲಿ ಹೇರಬಲ್ಲದು. ತಾನು ಎಷ್ಟು ಬಿಗಿದೆನೆಂಬುದನ್ನು ಅದು ಹೇಳಲಾರದು. ಅತಿಯಾಗಿ ಬಿಗಿದ ಸ್ಟಡ್ಡು ಎಳೆದುಕೊಂಡು ದುರ್ಬಲವಾಗುತ್ತದೆ, ಬ್ರೇಕ್ ಡಿಸ್ಕ್ ವಾರೆಯಾಗಬಹುದು. ಮುಂದೊಂದು ರಾತ್ರಿ ಪಂಕ್ಚರ್ ಆದಾಗ ವಾಹನದ ಜೊತೆ ಬಂದ ಸಣ್ಣ ಪಾನಾಕ್ಕೆ ಆ ನಟ್ಟು ಜಗ್ಗುವುದೂ ಇಲ್ಲ. ಆದ್ದರಿಂದ ನಟ್ಟನ್ನು ಮೊದಲು ಕೈಯಿಂದಲೇ ಮರೆಗೆ ಕೂರಿಸಿ, ಎದುರುಬದುರಾಗಿ ಸರದಿಯಂತೆ ಹಗುರವಾಗಿ ಬಿಗಿದು, ಕೊನೆಯ ಬಿಗುವನ್ನು ಟಾರ್ಕ್ ರೆಂಚಿನಿಂದ ಕೊಡುವುದು ಸರಿಯಾದ ಕ್ರಮ. ಹೊಳೆಯುವ ಕ್ರೋಮ್ ಲೇಪನದ ಸಾಮಾನ್ಯ ಸಾಕೆಟ್ಟುಗಳನ್ನು ಇದಕ್ಕೆ ತೊಡಿಸಬಾರದು; ಪೆಟ್ಟಿಗೆ ಅವು ಸಿಡಿದು ಚೂರುಗಳು ಕಣ್ಣಿಗೆ ಹಾರಿಯಾವು. ಇದಕ್ಕೆಂದೇ ಮಾಡಿದ ಕಪ್ಪು ಬಣ್ಣದ, ದಪ್ಪ ಗೋಡೆಯ ಇಂಪ್ಯಾಕ್ಟ್ ಸಾಕೆಟ್ಟುಗಳು ದೊರೆಯುತ್ತವೆ.

ಬ್ಯಾಟರಿಯ ಮೇಲಿನ ಅಂಕಿಗಳು

ಪೇಟೆಯಲ್ಲಿ 18 ವೋಲ್ಟ್, 20 ವೋಲ್ಟ್, 21 ವೋಲ್ಟ್ ಎಂಬ ಚೀಟಿಗಳನ್ನು ಕಂಡ ಗ್ರಾಹಕನು ದೊಡ್ಡ ಅಂಕಿಯನ್ನು ಆರಿಸುವುದು ಸಹಜ. ಆದರೆ ಈ ಮೂರೂ ಒಂದೇ ವಸ್ತುವಿನ ಮೂರು ಹೆಸರುಗಳು. ಲಿಥಿಯಂ ಕೋಶವೊಂದರ ಸರಾಸರಿ ಒತ್ತಡ 3.6 ವೋಲ್ಟ್, ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್. ಐದು ಕೋಶಗಳನ್ನು ಸಾಲಾಗಿ ಜೋಡಿಸಿದರೆ ಸರಾಸರಿ ಲೆಕ್ಕದಲ್ಲಿ 18, ಪೂರ್ತಿ ತುಂಬಿದಾಗ 21. ಇನ್ನು 48, 88 ಮುಂತಾದ ಅಂಕಿಗಳನ್ನು ಅಚ್ಚೊತ್ತಿದ ಅಗ್ಗದ ಬ್ಯಾಟರಿಗಳಲ್ಲಿ ಎಷ್ಟೋ ಸಲ ಇರುವುದು ಅದೇ ಐದು ಕೋಶಗಳ ಸಾಲು. ಮಲ್ಟಿಮೀಟರ್ ಇಟ್ಟು ನೋಡಿದರೆ ನಿಜ ತಿಳಿಯುತ್ತದೆ.

ಆಂಪಿಯರ್-ಅವರ್ ಎಂಬುದು ಬ್ಯಾಟರಿಯಲ್ಲಿ ಹಿಡಿಸುವ ವಿದ್ಯುತ್ತಿನ ಪ್ರಮಾಣ. ಈ ಉಪಕರಣಗಳಲ್ಲಿ ಹೆಚ್ಚಾಗಿ ಬಳಕೆಯಾಗುವ 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದದ ಕೋಶದಲ್ಲಿ ಹೆಚ್ಚೆಂದರೆ ಸುಮಾರು 3.5 ಆಂಪಿಯರ್-ಅವರ್ ಹಿಡಿಯುತ್ತದೆ. ಇಂತಹ ಐದೇ ಕೋಶಗಳ ಪ್ಯಾಕಿನ ಮೇಲೆ 6 ಎಂದು ಬರೆದಿದ್ದರೆ ಅದು ಸುಳ್ಳು. ತಕ್ಕಡಿಯೂ ಇಲ್ಲಿ ನೆರವಿಗೆ ಬರುತ್ತದೆ. ಒಂದು ಕೋಶದ ತೂಕ ಸುಮಾರು 45 ಗ್ರಾಂ. 5 ಆಂಪಿಯರ್-ಅವರಿಗೆ ಹತ್ತು ಕೋಶಗಳು ಬೇಕೆಂದರೆ ಕೋಶಗಳ ತೂಕವೇ 450 ಗ್ರಾಂ ಆಗಬೇಕು. ಅದಕ್ಕಿಂತ ಹಗುರವಾಗಿ ತೂಗುವ ಪ್ಯಾಕನ್ನು ಶಂಕೆಯಿಂದಲೇ ನೋಡಬೇಕು. ಲಿಥಿಯಂ ಬ್ಯಾಟರಿಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 16046 ಮಾನಕವಿದೆ. ಪ್ಯಾಕಿನ ಮೇಲೆ ಅದರ ಗುರುತೂ 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆಯೂ ಇದೆಯೇ ಎಂದು ಪರಿಶೀಲಿಸುವುದು ಒಳ್ಳೆಯದು.

ಒಂದು ಕಂಪನಿಯ ಬ್ಯಾಟರಿ ಇನ್ನೊಂದರ ಯಂತ್ರಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಮೊದಲ ಯಂತ್ರ ಕೊಂಡಾಗಲೇ ಮುಂದಿನ ಖರೀದಿಗಳ ದಾರಿ ಅರ್ಧ ತೀರ್ಮಾನವಾದಂತೆ. ಆದಕಾರಣ ಬೆಲೆಯೊಂದನ್ನೇ ನೋಡದೆ, ಬಿಡಿ ಬ್ಯಾಟರಿ, ಕಾರ್ಬನ್ ಬ್ರಷ್ ಮತ್ತು ಸ್ವಿಚ್ಚುಗಳು ತಾನಿರುವ ಊರಿನಲ್ಲಿ ದೊರೆಯುತ್ತವೆಯೇ ಎಂದು ಮೊದಲು ವಿಚಾರಿಸುವುದು ಜಾಣತನ. ಮುಂಬಯಿಯ ನಾಗದೇವಿ ಬೀದಿ, ದೆಹಲಿಯ ಚಾವಡಿ ಬಜಾರ್, ಸಿಕಂದರಾಬಾದಿನ ರಾಣಿಗಂಜ್ ಮುಂತಾದ ಹಾರ್ಡ್‌ವೇರ್ ಪೇಟೆಗಳಲ್ಲಿ ಅರ್ಧ ಗಂಟೆ ವಿಚಾರಿಸಿದರೆ ಯಾವ ಕಂಪನಿಯ ಬಿಡಿಭಾಗ ಸಿಗುತ್ತದೆ, ಯಾವುದರದು ಸಿಗದು ಎಂಬುದು ತಿಳಿದುಬರುತ್ತದೆ.

ಬಿಲ್ಲು ಪಡೆಯುವುದನ್ನು ಮರೆಯಬಾರದು. ಕಸುಬಿಗಾಗಿ ಕೊಂಡ ವಸ್ತುವಿಗೆ ಗ್ರಾಹಕ ಕಾನೂನಿನ ರಕ್ಷಣೆಯಿಲ್ಲವೆಂದು ಹಲವರು ತಿಳಿದಿದ್ದಾರೆ. ಇದು ಸರಿಯಲ್ಲ. ವಾಣಿಜ್ಯ ಉದ್ದೇಶದ ಖರೀದಿಯನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಹೊರಗಿಟ್ಟಿದೆಯಾದರೂ, ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸುವುದಕ್ಕಾಗಿಯೇ ಕೊಂಡು ತಾನೇ ಬಳಸುವ ಸರಕನ್ನು ವಾಣಿಜ್ಯ ಉದ್ದೇಶವೆಂದು ಪರಿಗಣಿಸುವುದಿಲ್ಲ. ಸ್ವಂತ ಕೈಯಿಂದ ದುಡಿಯುವ ಮೆಕ್ಯಾನಿಕ್ ಅಥವಾ ಬಡಗಿ ಈ ಕಾಯಿದೆಯ ದೃಷ್ಟಿಯಲ್ಲಿ ಗ್ರಾಹಕನೇ. ದೂರನ್ನು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ತಿಳಿಸಬಹುದು.

ದುರಸ್ತಿಗೆ ಒಳಪಡುವುದು, ಒಳಪಡದಿರುವುದು

ಯಂತ್ರ ನಿಂತೊಡನೆ ಅದನ್ನು ಬಿಚ್ಚುವುದಕ್ಕೆ ಮುಂಚೆ ಸರಿಯಿರುವ ಬೇರೊಂದು ಬ್ಯಾಟರಿ ಹಾಕಿ ನೋಡಬೇಕು. ಎಷ್ಟೋ ಯಂತ್ರಗಳು ಈ ಒಂದು ಪರೀಕ್ಷೆ ಇಲ್ಲದೆ ಗುಜರಿ ಸೇರಿವೆ. ಮೋಟಾರಿನಲ್ಲಿ ಕಿಡಿ ಹೆಚ್ಚಾಗಿ, ತಟ್ಟಿದಾಗ ಮಾತ್ರ ನಡೆದರೆ ಕಾರ್ಬನ್ ಬ್ರಷ್ ಸವೆದಿರುವ ಸಂಭವ ಹೆಚ್ಚು. ಇದು ಅಗ್ಗದ, ಸುಲಭದ ಬದಲಾವಣೆ. ಗುಂಡಿಯನ್ನು ಹಗುರವಾಗಿ ಒತ್ತಿದರೂ ಪೂರ್ಣ ವೇಗದಲ್ಲಿಯೇ ಓಡುತ್ತಿದ್ದರೆ ದೋಷ ಸ್ವಿಚ್ಚಿನದು. ಮೋಟಾರು ತಿರುಗಿಯೂ ಪೆಟ್ಟು ಬೀಳದಿದ್ದರೆ ಸುತ್ತಿಗೆ, ಸ್ಪ್ರಿಂಗ್ ಅಥವಾ ಗೋಲಿಗಳ ಗಾಡಿ ಸವೆದಿರುತ್ತದೆ. ಬ್ರಷ್ ಇಲ್ಲದ ಹೊಸ ಮಾದರಿಯ ಮೋಟಾರುಗಳು ಹೆಚ್ಚು ಬಾಳುತ್ತವೆ, ಆದರೆ ಅವುಗಳ ನಿಯಂತ್ರಕ ಫಲಕ ಸುಟ್ಟರೆ ಸಾಮಾನ್ಯವಾಗಿ ಅದನ್ನು ಇಡಿಯಾಗಿಯೇ ಬದಲಿಸಬೇಕಾಗುತ್ತದೆ. ಯಾವ ಕೆಲಸಕ್ಕಾದರೂ ಮೊದಲು ಬ್ಯಾಟರಿಯನ್ನು ಕಳಚಿ ದೂರವಿಡಬೇಕು. ಸುತ್ತಿಗೆಯ ಮನೆಗೆ ಗ್ರೀಸ್ ತುಂಬುವಾಗ ಕೈ ಬಿಗಿಯಾಗಿರಲಿ. ಅತಿಯಾದರೆ ಅದು ಪೆಟ್ಟನ್ನೇ ನುಂಗುತ್ತದೆ.

ಬ್ಯಾಟರಿಯ ವಿಷಯವೇ ಬೇರೆ. ತಿಂಗಳುಗಟ್ಟಲೆ ಬರಿದಾಗಿ ಬಿದ್ದಿದ್ದ ಪ್ಯಾಕನ್ನು ಚಾರ್ಜರ್ ಒಪ್ಪದಿದ್ದಾಗ, ಇನ್ನೊಂದು ಬ್ಯಾಟರಿಯಿಂದ ತಂತಿ ಎಳೆದು 'ಎಬ್ಬಿಸುವ' ಪದ್ಧತಿ ಅಂಗಡಿಗಳಲ್ಲಿದೆ. ಚಾರ್ಜರ್ ಒಪ್ಪದಿರಲು ಕಾರಣವಿದೆ. ಕೋಶದ ಒತ್ತಡ ತೀರ ಕುಸಿದಾಗ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರವು ಬೇಡದ ಕಡೆ ಕೂತು ಒಳಗೇ ಶಾರ್ಟ್ ಆಗುವಂತೆ ಮಾಡಬಲ್ಲದು. ಅಂದು ಎದ್ದಂತೆ ಕಂಡ ಬ್ಯಾಟರಿ ಇನ್ನೊಂದು ದಿನ ರಾತ್ರಿ ಚಾರ್ಜಿಗಿಟ್ಟಲ್ಲಿ ಹೊತ್ತಿಕೊಳ್ಳಬಹುದು. ಒಂದೆರಡು ಕೋಶಗಳನ್ನು ಮಾತ್ರ ಬದಲಿಸುವುದೂ ಸಲ್ಲದು. ಹೊಸದು ಹಳೆಯದು ಒಂದೇ ಸಾಲಿನಲ್ಲಿ ದುಡಿದಾಗ ದುರ್ಬಲ ಕೋಶ ಮೊದಲು ಬರಿದಾಗಿ ಕೆಡುತ್ತದೆ. ಕೋಶಕ್ಕೆ ಬೆಸುಗೆ ಕಡ್ಡಿ ತಾಗಿಸುವುದು ಇನ್ನೂ ಅಪಾಯಕರ. ಸ್ಪಾಟ್ ವೆಲ್ಡಿಂಗ್ ಯಂತ್ರವೂ ತಿಳಿವಳಿಕೆಯೂ ಇರುವ ದುರಸ್ತಿಗಾರ ಎಲ್ಲ ಕೋಶಗಳನ್ನೂ ಒಂದೇ ಸಲ ಬದಲಿಸುವುದಾದರೆ ಮಾತು ಬೇರೆ.

ಮಾರ್ಪಾಡುಗಳಲ್ಲಿಯೂ ತಾರತಮ್ಯ ಬೇಕು. ಒಂದು ಕಂಪನಿಯ ಬ್ಯಾಟರಿಯನ್ನು ಇನ್ನೊಂದರ ಯಂತ್ರಕ್ಕೆ ಕೂರಿಸುವ ಅಡಾಪ್ಟರುಗಳು ಈಗ ಸುಲಭವಾಗಿ ಸಿಗುತ್ತವೆ. ಒತ್ತಡ ಕುಸಿದಾಗ ಯಂತ್ರವನ್ನು ನಿಲ್ಲಿಸುವ ವ್ಯವಸ್ಥೆ ಕೆಲವು ಕಂಪನಿಗಳಲ್ಲಿ ಬ್ಯಾಟರಿಯೊಳಗಿದ್ದರೆ ಕೆಲವರಲ್ಲಿ ಯಂತ್ರದೊಳಗಿರುತ್ತದೆ. ಅಡಾಪ್ಟರಿನಿಂದ ಜೋಡಿ ತಪ್ಪಿದಾಗ ಎರಡೂ ಕಡೆ ಕಾವಲಿಲ್ಲದಂತಾಗಿ ಬ್ಯಾಟರಿ ಪೂರ್ತಿ ಬರಿದಾಗುವ ಸಂಭವವಿದೆ. ಬ್ಯಾಟರಿ ಸತ್ತ ಯಂತ್ರಕ್ಕೆ ತಂತಿ ಜೋಡಿಸಿ ಸಣ್ಣ ಅಡಾಪ್ಟರಿನಿಂದ ನಡೆಸಲು ಹೊರಡುವವರೂ ಉಂಟು. ಭಾರ ಬಿದ್ದಾಗ ಇಂತಹ ಮೋಟಾರು ಹತ್ತಾರು ಆಂಪಿಯರ್ ಎಳೆಯುತ್ತದೆ. ಎರಡು ಆಂಪಿಯರಿನ ಅಡಾಪ್ಟರಿನಿಂದ ಅದು ನಡೆಯದು.

ಎಲ್ಲಕ್ಕಿಂತ ಘಾತಕವಾದದ್ದು ಗ್ರೈಂಡರಿನ ಕವಚ ತೆಗೆದು ಮರ ಕೊಯ್ಯುವ ಹಲ್ಲಿನ ಬ್ಲೇಡ್ ಹಾಕುವ ಅಭ್ಯಾಸ. ಮರದಲ್ಲಿ ಹಲ್ಲು ಸಿಕ್ಕಿಕೊಂಡೊಡನೆ ನಿಮಿಷಕ್ಕೆ 8,000ಕ್ಕೂ ಹೆಚ್ಚು ಸುತ್ತು ತಿರುಗುವ ಯಂತ್ರ ಹಿಡಿದವನ ಕಡೆಗೇ ಜಿಗಿಯುತ್ತದೆ. ಇದನ್ನು ಅನುಭವದಿಂದ ನಿಭಾಯಿಸಬಹುದೆಂಬ ನಂಬಿಕೆಗೆ ಆಧಾರವಿಲ್ಲ. ಆ ಜಿಗಿತ ಕಣ್ಣು ಮಿಟುಕಿಸುವುದಕ್ಕೂ ಮೊದಲೇ ಮುಗಿದಿರುತ್ತದೆ.

ಸಂಗ್ರಹ, ವಿಲೇವಾರಿ, ಪ್ರಯಾಣ

ಲಿಥಿಯಂ ಬ್ಯಾಟರಿಯ ಶತ್ರು ಬಿಸಿ. ಚೆನ್ನೈ, ದೆಹಲಿಗಳ ಬೇಸಿಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ವಾಹನದೊಳಗೆ ಅದನ್ನು ಬಿಡಬಾರದು. ಕೆಲಸದಿಂದ ಬಿಸಿಯೇರಿದ ಪ್ಯಾಕು ತಣಿದ ನಂತರವೇ ಚಾರ್ಜಿಗೆ ಇಡಬೇಕು. ಬಹುದಿನ ಬಳಸದೆ ಇಡುವುದಾದರೆ ಸುಮಾರು ಅರ್ಧ ಚಾರ್ಜಿನಲ್ಲಿ, ಯಂತ್ರದಿಂದ ಕಳಚಿ ಇಡುವುದು ಉತ್ತಮ. ಉಬ್ಬಿದ, ಬಿದ್ದು ಬಿರುಕುಬಿಟ್ಟ ಅಥವಾ ನೀರಿನಲ್ಲಿ ಮುಳುಗಿದ ಪ್ಯಾಕನ್ನು ಮತ್ತೆ ಬಳಸಬಾರದು.

ಆಯುಷ್ಯ ಮುಗಿದ ಬ್ಯಾಟರಿಯನ್ನು ಮನೆಯ ಕಸದಲ್ಲಿ ಹಾಕುವುದು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳಿಗೆ ವಿರುದ್ಧ. ಕಸದಿಂದ ಬೇರೆಯಾಗಿಟ್ಟು ಸಂಗ್ರಹಣೆಗೆ ಒಪ್ಪಿಸುವುದು ಬಳಕೆದಾರನ ಹೊಣೆ. ಹಿಂಪಡೆದು ಮರುಬಳಕೆಗೆ ಒಳಪಡಿಸುವುದು ಉತ್ಪಾದಕನ ಹೊಣೆ. ಒಪ್ಪಿಸುವ ಮುನ್ನ ಲೋಹದ ತುದಿಗಳ ಮೇಲೆ ಟೇಪು ಅಂಟಿಸಬೇಕು.

ಊರಿಗೆ ವಿಮಾನದಲ್ಲಿ ಹೊರಟವರು ಯಂತ್ರವನ್ನು ನೋಂದಾಯಿಸಿದ ಸಾಮಾನಿನಲ್ಲಿಯೂ ಬಿಡಿ ಬ್ಯಾಟರಿಯನ್ನು ಕೈಚೀಲದಲ್ಲಿಯೂ ಒಯ್ಯಬೇಕು. ಮಿತಿ 100 ವಾಟ್-ಅವರ್. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಈ ಲೆಕ್ಕ ಸಿಗುತ್ತದೆ. 18 ವೋಲ್ಟಿನ, 5 ಆಂಪಿಯರ್-ಅವರಿನ ಪ್ಯಾಕು 90 ಆಗುವುದರಿಂದ ಅಡ್ಡಿಯಿಲ್ಲ. 6ರದು 108 ಆಗುತ್ತದೆ. ಅದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆಯನ್ನು ಮುಂಚಿತವಾಗಿಯೇ ಪಡೆದಿರಬೇಕು; 160ನ್ನು ಮೀರಿದ್ದನ್ನು ಪ್ರಯಾಣಿಕರು ಒಯ್ಯುವಂತಿಲ್ಲ.